‘ಮಾರ್ಕೊಂಡ್ಬಿಟ್ರು’ ಅನ್ನೋಕೆ ಮುಂಚೆ

ಹೋದ ಸೆಮಿಸ್ಟರ್‌ನ ಮಾತು. ನಾವು ನಾಲ್ಕು ಜನ ಸಂಜೆ ಐದರ ಮೇಲೆ ಕಾಲೇಜಿನ ಮ್ಯೂಸಿಕ್ ರೂಮಲ್ಲಿ ಸೇರ್ತೀವಿ. ಎರಡು ಗಿಟಾರ್, ಒಂದು ಬೇಸ್, ಸಿಂಬಲ್ ಸೀಳಿಹೋಗಿರೋ ಒಂದು ಡ್ರಮ್ ಸೆಟ್. ಒಂದು ದಿನ ಹರಿಹರದಿಂದ ಬಸ್ಸಲ್ಲಿ ಓಡಾಡೋ ಫಸ್ಟ್ ಇಯರ್ ಹುಡುಗ ಒಬ್ಬ ಬಾಗಿಲಲ್ಲಿ ನಿಂತು, "ಅಣ್ಣಾ, ನಾನೂ ಗಿಟಾರ್ ನುಡಿಸ್ತೀನಿ" ಅಂದ. "ಏನ್ ಬರುತ್ತೆ ನುಡಿಸು ನೋಡಣ" ಅಂದ್ವಿ. ಅವನು ಕೂತ್ಕೊಂಡು ಮೆಟಾಲಿಕಾದ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಶುರು ಮಾಡಿದ. ಚೆನ್ನಾಗೇ ನುಡಿಸಿದ. ಆದ್ರೆ ಮುಗಿಯೋಕೆ ಮುಂಚೆನೇ ನಮ್ಮಲ್ಲೊಬ್ಬ ನಕ್ಕುಬಿಟ್ಟ. "ಲೇ, ಇದು ಮೆಟಲ್ ಅಲ್ಲಪ್ಪಾ, ಮದುವೆ ಆರ್ಕೆಸ್ಟ್ರಾ ಹಾಡು ಇದ್ದಂಗೈತಿ. ಬ್ಲ್ಯಾಕ್ ಆಲ್ಬಮ್ ಬಂದಾಗ್ಲೇ ಅವ್ರು ಮಾರ್ಕೊಂಡ್ಬಿಟ್ರು." ಉಳಿದ ಮೂವರೂ ನಕ್ವಿ. ಆ ಹುಡುಗನೂ ನಕ್ಕ. ಮಾರನೇ ದಿನದಿಂದ ಅವನು ಬರಲಿಲ್ಲ.

ಎರಡು ವಾರ ಆದ್ಮೇಲೆ ನಮಗೇ ಒಂಥರಾ ಅನ್ನಿಸೋಕೆ ಶುರುವಾಯ್ತು. ಬ್ಲ್ಯಾಕ್ ಆಲ್ಬಮ್ ಬಂದಿದ್ದು 1991ರಲ್ಲಿ. ಆಗ ನಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ಅಂದ್ರೆ ನಾವು ಆ ಹುಡುಗನ ಮೇಲೆ ಎಸೆದ ಸಿಟ್ಟು ನಮ್ಮದಲ್ಲ, ಎಲ್ಲಿಂದಲೋ ಎತ್ಕೊಂಡು ಬಂದಿದ್ದು. ಆ ಸಿಟ್ಟು ಯಾರದ್ದು, ಯಾಕೆ ಬಂತು, ಅದರಲ್ಲಿ ನಿಜ ಎಷ್ಟು ಅಂತ ನೋಡೋಣ ಅಂತ ನಾಲ್ಕೂ ಜನ ಕೂತು ಮೆಟಾಲಿಕಾದ ಆಲ್ಬಮ್‌ಗಳನ್ನ ಬಂದ ಕ್ರಮದಲ್ಲೇ ಮೊದಲಿಂದ ಕೇಳಿದ್ವಿ. ಕೇಳಿದ್ದು, ಓದಿದ್ದು, ಜಗಳ ಆಡಿದ್ದು ಎಲ್ಲ ಸೇರಿ ಈ ಲೇಖನ ಆಗಿದೆ. ಮೆಟಲ್ ಕೇಳದೇ ಇರೋರಿಗೂ ಅರ್ಥ ಆಗೋ ಹಾಗೆ ಬರೆಯೋ ಪ್ರಯತ್ನ ಮಾಡಿದ್ದೀವಿ.

ಮೊದಲು ಹಿನ್ನೆಲೆ

ಮೆಟಾಲಿಕಾ ಶುರುವಾಗಿದ್ದು 1981ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಡ್ರಮ್ಮರ್ ಲಾರ್ಸ್ ಉಲ್ರಿಕ್, ಹಾಡುಗಾರ ಮತ್ತು ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಸೇರಿ ಕಟ್ಟಿದ ಬ್ಯಾಂಡ್. ಅವರು ನುಡಿಸ್ತಿದ್ದ ಶೈಲಿಗೆ ಥ್ರ್ಯಾಶ್ ಮೆಟಲ್ ಅಂತಾರೆ. ತುಂಬಾ ವೇಗ, ಉದ್ದುದ್ದ ಹಾಡು, ಒಂದೇ ಹಾಡಲ್ಲಿ ನಾಲ್ಕೈದು ರಿಫ್. ರಿಫ್ ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು. ಆಗಿನ ರೇಡಿಯೋಗಳು ಇದನ್ನ ಹಾಕ್ತಿರಲಿಲ್ಲ. 1982ರಲ್ಲಿ ಅವರು ಮಾಡಿದ ಡೆಮೊ ಕ್ಯಾಸೆಟ್ ಕೈಯಿಂದ ಕೈಗೆ ಕಾಪಿ ಆಗ್ತಾ, ಪೋಸ್ಟಲ್ಲಿ ಊರಿಂದ ಊರಿಗೆ ಹೋಗ್ತಾ ಹರಡಿತು. ಅಂಗಡಿಯಲ್ಲಿ ಸಿಗದೇ ಇರೋದನ್ನ ಹುಡುಕಿ ತರಿಸ್ಕೊಂಡು ಕೇಳಿದವರು ಇವರ ಮೊದಲ ಅಭಿಮಾನಿಗಳು. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ 1983, 1984, 1986ರಲ್ಲಿ ಮೂರು ಆಲ್ಬಮ್ ಬಂದವು. ಮೂರನೆಯದು ‘ಮಾಸ್ಟರ್ ಆಫ್ ಪಪೆಟ್ಸ್’. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಅವರ ಬಸ್ ಪಲ್ಟಿಯಾಗಿ ಬೇಸಿಸ್ಟ್ ಕ್ಲಿಫ್ ಬರ್ಟನ್ ತೀರಿಕೊಂಡರು. ಅವರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. 1988ರಲ್ಲಿ ‘...ಅಂಡ್ ಜಸ್ಟೀಸ್ ಫಾರ್ ಆಲ್’ ಬಂತು. ಇದು ಅವರ ಅತೀ ಜಟಿಲವಾದ ಆಲ್ಬಮ್. ಟೈಟಲ್ ಹಾಡೇ ಹತ್ತು ನಿಮಿಷದ ಹತ್ತಿರ ಇದೆ. ಒಂದು ವಿಚಿತ್ರ ಅಂದ್ರೆ, ಇಡೀ ಆಲ್ಬಮ್‌ನಲ್ಲಿ ಬೇಸ್ ಗಿಟಾರ್ ಕೇಳಿಸೋದೇ ಇಲ್ಲ ಅನ್ನೋವಷ್ಟು ಕಡಿಮೆ ಇಟ್ಟಿದ್ದಾರೆ. ನಮ್ಮ ಬೇಸಿಸ್ಟ್‌ಗೆ ಇವತ್ತಿಗೂ ಆ ಬಗ್ಗೆ ಬೇಜಾರಿದೆ.

1991ರಲ್ಲಿ ನಿಜವಾಗಿ ಏನು ಬದಲಾಯ್ತು?

1991ರ ಆಗಸ್ಟ್ 12ರಂದು ‘ಮೆಟಾಲಿಕಾ’ ಅನ್ನೋ ಹೆಸರಿನ ಆಲ್ಬಮ್ ಬಂತು. ಕವರ್ ಹೆಚ್ಚುಕಮ್ಮಿ ಪೂರ್ತಿ ಕಪ್ಪು. ಅದಕ್ಕೇ ಎಲ್ಲರೂ ಬ್ಲ್ಯಾಕ್ ಆಲ್ಬಮ್ ಅಂತ ಕರೀತಾರೆ. ಹಳೇ ಅಭಿಮಾನಿಗಳಿಗೆ ಆಲ್ಬಮ್ ಕೇಳೋ ಮೊದಲೇ ಅನುಮಾನ ಇತ್ತು. ಯಾಕಂದ್ರೆ ಪ್ರೊಡ್ಯೂಸರ್ ಬಾಬ್ ರಾಕ್ ಅದಕ್ಕೆ ಮುಂಚೆ ಮಾಟ್ಲಿ ಕ್ರೂ ಬ್ಯಾಂಡ್‌ನ 1989ರ ಹಿಟ್ ಆಲ್ಬಮ್ ಮಾಡಿದ್ದವರು. ಥ್ರ್ಯಾಶ್ ಕೇಳೋರ ಲೆಕ್ಕದಲ್ಲಿ ಮಾಟ್ಲಿ ಕ್ರೂ ಅಂದ್ರೆ ಮೇಕಪ್ಪು, ಹೇರ್ ಸ್ಪ್ರೇ, ಟಿವಿ ಬ್ಯಾಂಡು.

ಈಗ ಅಳೆದು ನೋಡೋಣ. ನಾವು ಇಂಜಿನಿಯರಿಂಗ್‌ನವರಲ್ವಾ, ಅಳತೆ ಇಲ್ಲದೆ ಮಾತಾಡಬಾರದು.

ಉದ್ದ: ‘ಜಸ್ಟೀಸ್’ ಆಲ್ಬಮ್‌ನಲ್ಲಿ 9 ಹಾಡು, ಒಟ್ಟು ಸುಮಾರು 65 ನಿಮಿಷ. ಒಂದು ಹಾಡಿಗೆ ಸರಾಸರಿ 7 ನಿಮಿಷದ ಮೇಲೆ. ಬ್ಲ್ಯಾಕ್ ಆಲ್ಬಮ್‌ನಲ್ಲಿ 12 ಹಾಡು, ಒಟ್ಟು ಸುಮಾರು 62 ನಿಮಿಷ. ಸರಾಸರಿ 5 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹರಿಹರದಿಂದ ದಾವಣಗೆರೆಗೆ ಬಸ್ಸಲ್ಲಿ ಬರೋ ಅರ್ಧ ಗಂಟೆಯಲ್ಲಿ ಮೊದಲನೇದರಿಂದ ನಾಲ್ಕು ಹಾಡು ಕೇಳಬಹುದು, ಎರಡನೇದರಿಂದ ಹೆಚ್ಚುಕಮ್ಮಿ ಆರು.

ವೇಗ: ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡು ನಿಮಿಷಕ್ಕೆ 210 ಬೀಟ್‌ನ ಆಸುಪಾಸಲ್ಲಿ ಓಡುತ್ತೆ. ಬ್ಲ್ಯಾಕ್ ಆಲ್ಬಮ್‌ನ ಮೊದಲ ಹಾಡು ‘ಎಂಟರ್ ಸ್ಯಾಂಡ್‌ಮ್ಯಾನ್’ 120ರ ಆಸುಪಾಸು. ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತು.

ಕಟ್ಟೋ ರೀತಿ: ಹಳೇ ಹಾಡುಗಳಲ್ಲಿ ರಿಫ್ ಮೇಲೆ ರಿಫ್ ಬರ್ತಿತ್ತು. ‘ಎಂಟರ್ ಸ್ಯಾಂಡ್‌ಮ್ಯಾನ್’ ಹೆಚ್ಚುಕಮ್ಮಿ ಒಂದೇ ರಿಫ್ ಮೇಲೆ ನಿಂತಿದೆ. ಪಲ್ಲವಿ ಎಲ್ಲಿ, ಚರಣ ಎಲ್ಲಿ ಅಂತ ಮೊದಲ ಸಲ ಕೇಳಿದವರಿಗೂ ಗೊತ್ತಾಗುತ್ತೆ.

ಧ್ವನಿ: ಬೇಸ್ ವಾಪಸ್ ಬಂತು. ಡ್ರಮ್ ದೊಡ್ಡದಾಯ್ತು. ಬಿಡಿಬಿಡಿಯಾಗಿ ರೆಕಾರ್ಡ್ ಮಾಡೋ ಬದಲು ನಾಲ್ಕೂ ಜನ ಒಂದೇ ರೂಮಲ್ಲಿ ಒಟ್ಟಿಗೆ ನುಡಿಸೋ ಹಾಗೆ ಬಾಬ್ ರಾಕ್ ಮಾಡಿದರು. 1990ರ ಅಕ್ಟೋಬರ್‌ನಿಂದ 1991ರ ಜೂನ್‌ವರೆಗೆ ಸ್ಟುಡಿಯೋದಲ್ಲಿ ಕೂತರು. ಮೂರು ಸಲ ಮಿಕ್ಸ್ ಮಾಡಿದರು. ಖರ್ಚು ಸುಮಾರು 10 ಲಕ್ಷ ಡಾಲರ್. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ಗೆ ಮೈಕೆಲ್ ಕೇಮನ್ ಅನ್ನೋರಿಂದ ಆರ್ಕೆಸ್ಟ್ರಾ ಬರೆಸಿದರು.

ಅಂದ್ರೆ "ಬದಲಾದ್ರು" ಅನ್ನೋ ದೂರು ನೂರಕ್ಕೆ ನೂರು ನಿಜ. ಅಭಿಮಾನಿಗಳ ಕಿವಿ ತಪ್ಪು ಹೇಳಿರಲಿಲ್ಲ. ಫಲಿತಾಂಶ ಏನಾಯ್ತು ಅಂದ್ರೆ ಆಲ್ಬಮ್ ಅಮೆರಿಕದ ಚಾರ್ಟ್‌ನಲ್ಲಿ ಬಂದ ವಾರವೇ ಒಂದನೇ ಸ್ಥಾನಕ್ಕೆ ಹೋಯ್ತು. ಇಲ್ಲಿವರೆಗೆ ಅಮೆರಿಕ ಒಂದರಲ್ಲೇ 1 ಕೋಟಿ 60 ಲಕ್ಷಕ್ಕಿಂತ ಹೆಚ್ಚು ಪ್ರತಿ ಮಾರಾಟ ಆಗಿದೆ.

ಆದ್ರೆ "ಬದಲಾದ್ರು" ಬೇರೆ, "ಮಾರ್ಕೊಂಡ್ರು" ಬೇರೆ. ನಾವು ನಾಲ್ಕೂ ಜನ ಮೊದಲು ಎಡವಿದ್ದು ಇಲ್ಲೇ. ಮೊದಲನೇದನ್ನ ವಾಚ್ ಇಟ್ಕೊಂಡು ಅಳೀಬಹುದು. ಎರಡನೇದು ಇನ್ನೊಬ್ಬರ ಮನಸ್ಸಿನ ಒಳಗಿನ ವಿಷಯ. ಬೇಜಾರಾಗಿ ಬದಲಾದ್ರೋ, ದುಡ್ಡಿಗೆ ಬದಲಾದ್ರೋ, ಎರಡೂ ಸೇರಿತ್ತೋ, ವಾಚ್ ಹೇಳಲ್ಲ. ‘ಜಸ್ಟೀಸ್’ ಟೂರ್‌ನಲ್ಲಿ ಆ ಹತ್ತು ನಿಮಿಷದ ಹಾಡು ನುಡಿಸುವಾಗ ಮುಂದಿನ ಸಾಲಿನವರೇ ಆಕಳಿಸ್ತಿದ್ರು ಅಂತ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಆಮೇಲೆ ಹೇಳಿಕೊಂಡಿದ್ದಾರೆ. ತಾವೇ ಬರೆದ ಹಾಡು ತಮಗೇ ಭಾರ ಆಗಿತ್ತು. ಇದು ಮಾರ್ಕೊಳ್ಳೋದಾ? ನಮ್ಮಲ್ಲಿ ಇಬ್ಬರು ಹೌದು ಅಂದ್ರು, ಇಬ್ಬರು ಅಲ್ಲ ಅಂದ್ರು.

ಸಿಟ್ಟಿನ ಇತಿಹಾಸ

ಇನ್ನೊಂದು ವಿಷಯ ಗೊತ್ತಾದಾಗ ನಮಗೆ ನಗು ಬಂತು. ಈ ದೂರು 1991ರಲ್ಲಿ ಶುರುವಾಗಿದ್ದೇ ಅಲ್ಲ.

1984ರ ಎರಡನೇ ಆಲ್ಬಮ್‌ನಲ್ಲಿ ‘ಫೇಡ್ ಟು ಬ್ಲ್ಯಾಕ್’ ಅಂತ ಒಂದು ಹಾಡಿದೆ. ಅಕೂಸ್ಟಿಕ್ ಗಿಟಾರ್‌ನಿಂದ ನಿಧಾನಕ್ಕೆ ಶುರುವಾಗುತ್ತೆ. ಅದು ಬಂದಾಗಲೇ "ಮಾರ್ಕೊಂಡ್ರು" ಅಂದವರಿದ್ದರು. ಇವತ್ತು ಅದೇ ಹಾಡನ್ನ ನಾವು ‘ಹಳೇ, ಶುದ್ಧ ಮೆಟಾಲಿಕಾ’ ಅಂತ ಎದೆ ತಟ್ಕೊಂಡು ಹೇಳ್ತೀವಿ! 1989ರಲ್ಲಿ ‘ಒನ್’ ಹಾಡಿಗೆ ಮೊದಲ ಸಲ ಮ್ಯೂಸಿಕ್ ವಿಡಿಯೋ ಮಾಡಿದಾಗ ಮತ್ತೆ ಅದೇ ಗಲಾಟೆ. 1991ರಲ್ಲಿ ಬ್ಲ್ಯಾಕ್ ಆಲ್ಬಮ್. 1996ರಲ್ಲಿ ‘ಲೋಡ್’ ಬಂದಾಗ ಸಂಗೀತದ ಜೊತೆ ಕೂದಲೂ ಕಾರಣ ಆಯ್ತು. ನಾಲ್ಕೂ ಜನ ಉದ್ದ ಕೂದಲು ಕತ್ತರಿಸಿಕೊಂಡು ಬಂದಿದ್ರು. 2000ದಲ್ಲಿ ಹಾಡುಗಳನ್ನ ಪುಕ್ಕಟೆ ಹಂಚಿಕೊಳ್ಳೋ ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕಿದಾಗ ಸ್ವಂತ ಅಭಿಮಾನಿಗಳೇ ತಿರುಗಿಬಿದ್ದರು.

ಇನ್ನು 2003. ಆಗ ‘ಸೇಂಟ್ ಆ್ಯಂಗರ್’ ಬಂತು. ಇದರಲ್ಲಿ ಕಮರ್ಷಿಯಲ್ ಅನ್ನೋದೇ ಇಲ್ಲ. ಹಾಡುಗಳು ಮತ್ತೆ ಉದ್ದ, ಧ್ವನಿ ಒರಟು, ಗಿಟಾರ್ ಸೋಲೋ ಒಂದೂ ಇಲ್ಲ, ಸ್ನೇರ್ ಡ್ರಮ್ ಕೇಳಿದ್ರೆ ಯಾರೋ ಖಾಲಿ ಡಬ್ಬ ಬಡೀತಿದ್ದಾರೆ ಅನ್ನಿಸುತ್ತೆ. ಸಿಹಿ ಆಯ್ತು ಅಂತ ಬೈದವರಿಗೆ ಇದು ಖುಷಿ ಆಗಬೇಕಿತ್ತು ತಾನೇ? ಆಗಲಿಲ್ಲ. ಇದಕ್ಕೂ ಬೈದರು, ಇನ್ನೂ ಜೋರಾಗಿ ಬೈದರು.

ಇಲ್ಲಿಂದ ನಮಗೆ ಅನ್ನಿಸಿದ್ದು ಇದು. ಎಷ್ಟೋ ಸಲ ಅಭಿಮಾನಿಯ ಸಿಟ್ಟು ಕಮರ್ಷಿಯಲ್ ಆಗಿದ್ದಕ್ಕಲ್ಲ, ತಾನು ಒಳಗೆ ಬಂದ ದಿನ ಹೇಗಿತ್ತೋ ಹಾಗೆ ಬ್ಯಾಂಡ್ ಉಳಿದಿಲ್ಲ ಅನ್ನೋದಕ್ಕೆ.

ಅಭಿಮಾನಿಗಳ ಮಾತೇ ಸರಿ ಇದ್ದಾಗ

ಹಾಗಂತ ಅಭಿಮಾನಿಗಳು ಯಾವಾಗಲೂ ಸುಮ್ಮನೆ ಕೂಗಾಡ್ತಾರೆ ಅಂತ ಅಂದ್ಕೋಬೇಡಿ. 2008ರ ಸೆಪ್ಟೆಂಬರ್‌ನಲ್ಲಿ ‘ಡೆತ್ ಮ್ಯಾಗ್ನೆಟಿಕ್’ ಬಂತು. ಹಾಡುಗಳು ಹಳೇ ಥ್ರ್ಯಾಶ್ ರೀತಿ, ಎಲ್ಲರಿಗೂ ಇಷ್ಟ ಆಯ್ತು. ಆದ್ರೆ ಕೇಳ್ತಾ ಕೇಳ್ತಾ ಕಿವಿ ನೋಯುತ್ತೆ, ಧ್ವನಿ ಚರಚರ ಅನ್ನುತ್ತೆ ಅಂತ ದೂರು ಬಂತು.

ಇದನ್ನ ನಮ್ಮ ಲ್ಯಾಬ್‌ನಿಂದ ಅರ್ಥ ಮಾಡ್ಕೋಬಹುದು. ಎಲೆಕ್ಟ್ರಾನಿಕ್ಸ್‌ನವರು ಡಯೋಡ್ ಕ್ಲಿಪ್ಪರ್ ಸರ್ಕ್ಯೂಟ್ ಮಾಡಿರ್ತೀರಿ. ಸೈನ್ ವೇವ್ ಒಳಗೆ ಕೊಟ್ರೆ, ಒಂದು ಮಟ್ಟ ದಾಟಿದ ತಕ್ಷಣ ತಲೆ ಕತ್ತರಿಸಿ ಚಪ್ಪಟೆ ಆಗಿ ಹೊರಗೆ ಬರುತ್ತೆ. ಸಿಆರ್‌ಓದಲ್ಲಿ ಅದನ್ನ ನೋಡಿ ರೆಕಾರ್ಡ್‌ನಲ್ಲಿ ಬಿಡಿಸಿ ಸಹಿ ಹಾಕಿಸ್ಕೊಂಡಿರ್ತೀವಿ. ಮೆಟಲ್ ಗಿಟಾರ್‌ನ ಆ ‘ಗರ್ರ್’ ಅನ್ನೋ ಧ್ವನಿ ಹುಟ್ಟೋದೇ ಹೀಗೆ. ಆಂಪ್ಲಿಫೈಯರ್‌ಗೆ ಅದರ ಮಿತಿ ಮೀರಿ ಸಿಗ್ನಲ್ ಕೊಟ್ಟು ಬೇಕಂತಲೇ ಕ್ಲಿಪ್ ಮಾಡ್ತಾರೆ. ಅಲ್ಲಿ ಅದು ರುಚಿ.

ಆದ್ರೆ ಇಡೀ ಹಾಡನ್ನೇ ಕ್ಲಿಪ್ ಮಾಡಿದ್ರೆ? ಡಿಜಿಟಲ್ ಆಡಿಯೋದಲ್ಲಿ ಧ್ವನಿಗೆ ಒಂದು ಮೇಲ್ಮಿತಿ ಇದೆ, ಅದರ ಮೇಲೆ ಜಾಗ ಇಲ್ಲ. ಬೇರೆಯವರ ಹಾಡಿಗಿಂತ ನಮ್ಮದು ಜೋರಾಗಿ ಕೇಳಿಸಬೇಕು ಅಂತ ಮೆಲ್ಲಗಿರೋ ಭಾಗವನ್ನೆಲ್ಲ ಮೇಲೆತ್ತಿ, ಜೋರಿರೋ ಭಾಗವನ್ನ ಚಾವಣಿಗೆ ಒತ್ತುತ್ತಾ ಹೋದ್ರೆ, ಡ್ರಮ್ ಹೊಡೆತದ ತುದಿಗಳು ಚಪ್ಪಟೆ ಆಗಿಬಿಡ್ತವೆ. ಮೆಲ್ಲಗೆ, ಜೋರು ಅನ್ನೋ ವ್ಯತ್ಯಾಸವೇ ಸತ್ತುಹೋಗುತ್ತೆ. ರೇಡಿಯೋದಲ್ಲಿ, ಅಂಗಡಿಯಲ್ಲಿ ಬೇರೆ ಹಾಡುಗಳ ಮಧ್ಯೆ ಎದ್ದು ಕಾಣಲಿ ಅಂತ ಕಂಪನಿಗಳೆಲ್ಲ ಪೈಪೋಟಿಗೆ ಬಿದ್ದು ಮಾಡ್ತಿದ್ದ ಕೆಲಸ ಇದು.

ಅಭಿಮಾನಿಗಳು ಇದನ್ನ ಹಿಡಿದಿದ್ದು ಹೇಗೆ ಗೊತ್ತಾ? ‘ಗಿಟಾರ್ ಹೀರೋ’ ಅನ್ನೋ ವಿಡಿಯೋ ಗೇಮ್‌ಗೂ ಅದೇ ಆಲ್ಬಮ್ ಕೊಟ್ಟಿದ್ದರು. ಗೇಮ್‌ಗೆ ಹೋಗಿದ್ದು ಹೀಗೆ ಒತ್ತೋಕೆ ಮುಂಚಿನ ಟ್ರ್ಯಾಕ್‌ಗಳು. ಎರಡನ್ನೂ ಕಂಪ್ಯೂಟರ್‌ನಲ್ಲಿ ಪಕ್ಕಪಕ್ಕ ಇಟ್ಟು ವೇವ್‌ಫಾರ್ಮ್ ನೋಡಿದ್ರು. ಗೇಮ್‌ನದ್ದು ಗುಡ್ಡ, ಕಣಿವೆ ಇದ್ದ ಹಾಗೆ, ಸಿಡಿಯದ್ದು ಇಟ್ಟಿಗೆ ಗೋಡೆ ಇದ್ದ ಹಾಗೆ. ಮತ್ತೆ ಮಿಕ್ಸ್ ಮಾಡಿ ಕೊಡಿ ಅಂತ ಸಾವಿರಾರು ಜನ ಅರ್ಜಿಗೆ ಸಹಿ ಹಾಕಿದರು. ತಮ್ಮ ಕೈಗೆ ಬರುವಾಗಲೇ ಅದು ಹೀಗೆ ಒತ್ತಿಹೋಗಿತ್ತು ಅಂತ ಮಾಸ್ಟರಿಂಗ್ ಇಂಜಿನಿಯರ್ ಟೆಡ್ ಜೆನ್ಸನ್ ಕೂಡ ಹೇಳಿದರು.

ದೂರು ಅಂದ್ರೆ ಹೀಗಿರಬೇಕು ಅಂತ ನಮಗೆ ಅನ್ನಿಸಿತು. "ನೀವು ಮಾರ್ಕೊಂಡ್ರಿ" ಅಂತ ಅಲ್ಲ, "ಇಲ್ಲಿ ನೋಡಿ, ಇದು ಕತ್ತರಿಸಿದೆ" ಅಂತ. ಮೊದಲನೇ ಮಾತಿಗೆ ಬ್ಯಾಂಡ್ ಭುಜ ಕುಣಿಸಿ ಹೋಗಬಹುದು. ಎರಡನೇದಕ್ಕೆ ಉತ್ತರ ಕೊಡಲೇಬೇಕು.

ನಮ್ಮ ಬೆಂಗಳೂರಿನ ಕಥೆ

ಅಮೆರಿಕದ ಮಾತು ಸಾಕು, ನಮ್ಮ ರಾಜ್ಯಕ್ಕೆ ಬರೋಣ. ದಾವಣಗೆರೆಯಿಂದ ಸುಮಾರು 260 ಕಿ.ಮೀ. ದೂರದ ಬೆಂಗಳೂರು ಭಾರತದಲ್ಲಿ ಮೆಟಲ್‌ಗೆ ದೊಡ್ಡ ಊರು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅರಮನೆ ಮೈದಾನದಲ್ಲಿ ನುಡಿಸಿತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಕೂಡ ಅಲ್ಲೇ ನುಡಿಸಿತು. ಅದಕ್ಕೆ ಎರಡು ದಿನ ಮುಂಚೆ ದೆಹಲಿ ಪಕ್ಕದ ಗುರಗಾಂವ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮ ರದ್ದಾಗಿದ್ದರಿಂದ, ಭಾರತದಲ್ಲಿ ಮೆಟಾಲಿಕಾ ಮೊದಲು ನುಡಿಸಿದ್ದು ಕರ್ನಾಟಕದ ಮಣ್ಣಲ್ಲೇ ಅಂತ ನಾವು ಹೆಮ್ಮೆಯಿಂದ ಹೇಳ್ಕೋಬಹುದು.

ಬೆಂಗಳೂರಿನದ್ದೇ ಬ್ಯಾಂಡ್ ಕ್ರಿಪ್ಟೋಸ್. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಶುರು ಮಾಡಿದ್ದು. 2004ರಲ್ಲಿ ‘ಸ್ಪೈರಲ್ ಅಸೆಂಟ್’, 2008ರಲ್ಲಿ ‘ದಿ ಆರ್ಕ್ ಆಫ್ ಜೆಮಿನಿ’, 2012ರಲ್ಲಿ ‘ದಿ ಕಾಯಿಲ್ಸ್ ಆಫ್ ಅಪೋಲಿಯಾನ್’. 2010ರಲ್ಲಿ ಯುರೋಪ್ ಟೂರ್ ಮಾಡಿದರು, 2013ರಲ್ಲಿ ಜರ್ಮನಿಯ ವಾಕೆನ್ ಓಪನ್ ಏರ್ ಉತ್ಸವದಲ್ಲಿ ನುಡಿಸಿದರು. ಆಮೇಲೆ 2016ರಲ್ಲಿ ‘ಬರ್ನ್ ಅಪ್ ದ ಸ್ಕೈ’, 2019ರಲ್ಲಿ ‘ಆಫ್ಟರ್‌ಬರ್ನರ್’ ಬಂತು.

ಮೊದಲ ಆಲ್ಬಮ್‌ಗಳಲ್ಲಿ ತಿರುವು ಜಾಸ್ತಿ, ಥ್ರ್ಯಾಶ್‌ನ ಬಿರುಸು ಜಾಸ್ತಿ. 2016ರಿಂದ ಹಾಡುಗಳು ನೆಟ್ಟಗೆ, ಸರಳವಾಗಿ, 80ರ ದಶಕದ ಹೆವಿ ಮೆಟಲ್ ಥರ ಆದವು. ಒಂದು ಸಲ ಕೇಳಿದ್ರೆ ರಿಫ್ ತಲೆಯಲ್ಲಿ ಉಳಿಯುತ್ತೆ. ಗಂಟಲು ಮಾತ್ರ ಅದೇ ಹಳೇ ಕರಕರ ಗಂಟಲು. ನಮ್ಮ ರೂಮಲ್ಲೇ ಇದಕ್ಕೆ ಎರಡು ಪಕ್ಷ ಆಯ್ತು. ಒಬ್ಬ "ಹಳೇದ್ರಲ್ಲಿ ತಲೆ ಇತ್ತು, ಇದ್ರಲ್ಲಿ ಬರೀ ಕಾಲು ಕುಣಿಯುತ್ತೆ" ಅಂದ. ಇನ್ನೊಬ್ಬ "ಸರಳವಾಗಿ ಬರೆಯೋದು ಸುಲಭ ಅನ್ಕೊಂಡಿದ್ದೀಯಾ, ಬರೆದು ತೋರಿಸಲೇ" ಅಂದ.

ಆದ್ರೆ ಇಲ್ಲಿ ‘ಮಾರ್ಕೊಂಡ್ರು’ ಅನ್ನೋ ಪದವೇ ಕೂರಲ್ಲ. ಕೊಳ್ಳೋರು ಯಾರು? ಬೆಂಗಳೂರಲ್ಲಿ ಕೂತು 80ರ ದಶಕದ ಹೆವಿ ಮೆಟಲ್ ಮಾಡಿದ್ರೆ ಯಾವ ಸಿನಿಮಾ ಹಾಡಿನಷ್ಟು ದುಡ್ಡು ಬರುತ್ತೆ? ಸರಳ ಆಗೋದು, ಕಮರ್ಷಿಯಲ್ ಆಗೋದು ಎರಡೂ ಒಂದೇ ಅಲ್ಲ ಅನ್ನೋದಕ್ಕೆ ಕ್ರಿಪ್ಟೋಸ್ ಒಳ್ಳೇ ಉದಾಹರಣೆ. ತಮಗೆ ಇಷ್ಟ ಇರೋ ಸಂಗೀತದ ಕಡೆ ಅವರು ಹೋದರು ಅಂತ ನಮಗೆ ಅನ್ನಿಸುತ್ತೆ.

ಬೆಣ್ಣೆ ದೋಸೆ ಅಭಿಮಾನಿಗಳು

ಇದೆಲ್ಲ ಬರೀ ಮೆಟಲ್‌ನವರ ಹುಚ್ಚು ಅನ್ನೋರಿಗೆ ಒಂದು ಮಾತು. ಬೆಂಗಳೂರಿನ ಯಾವುದಾದ್ರೂ ಹೊಸ ಹೋಟೆಲ್‌ನಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡ್ ನೋಡಿದಾಗ ನೀವು ಏನಂತೀರಿ? "ಅಯ್ಯೋ, ಅದು ನಮ್ಮೂರ ದೋಸೆನೇ ಅಲ್ಲ ಬಿಡ್ರೀ. ಗ್ಯಾಸ್ ಒಲೆ ಮೇಲೆ ಹಾಕಿರ್ತಾರೆ, ಚಟ್ನಿ ಸರಿ ಇರಲ್ಲ, ರೇಟ್ ನೋಡಿದ್ರೆ ತಲೆ ತಿರುಗುತ್ತೆ." ಅಂದ್ರೆ ದೋಸೆನೂ ಮಾರ್ಕೊಂಡ್ಬಿಡ್ತು!

ಆದ್ರೆ ನಮ್ಮೂರಲ್ಲಿ ಹೇಳೋ ಕಥೆ ಕೇಳಿ. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನೋರು ನಾಟಕ ಥಿಯೇಟರ್ ಹತ್ತಿರ ದೋಸೆ ಅಂಗಡಿ ಇಟ್ರಂತೆ. ಅವರು ಹಾಕ್ತಿದ್ದದ್ದು ರಾಗಿ ದೋಸೆ. ಅಕ್ಕಿ ಹಿಟ್ಟಿನ ಬೆಣ್ಣೆ ದೋಸೆ ಬಂದಿದ್ದು ಆಮೇಲೆ, ಅವರ ಮಕ್ಕಳ ಕಾಲದಲ್ಲಿ. ಅಂದ್ರೆ ನಾವು ‘ಒರಿಜಿನಲ್’ ಅಂತ ಕಾಪಾಡ್ತಿರೋದೇ ಬದಲಾದ ದೋಸೆ. ಮೊದಲ ದಿನ ಅಕ್ಕಿ ದೋಸೆ ಹಾಕಿದಾಗ "ರಾಗಿದೇ ಚಲೋ ಇತ್ತು" ಅಂತ ಮೂತಿ ತಿರುಗಿಸಿದ ಅಜ್ಜ ಒಬ್ಬ ಇದ್ದೇ ಇರ್ತಾನೆ ಅಂತ ನಮ್ಮ ನಂಬಿಕೆ.

ಹಂಗಂತ ಗ್ಯಾಸ್ ಒಲೆ ದೋಸೆ ಚೆನ್ನಾಗಿದೆ ಅಂತ ನಾವು ಒಪ್ಪಲ್ಲ. ಸೌದೆ ಬೆಂಕಿಯ ಕಾವಲಿ ಮೇಲಿನ ದೋಸೆ ಬೇರೆನೇ. ಅದು ರುಚಿಯ ಮಾತು, ತಿಂದು ಹೇಳೋ ಮಾತು. ಆದ್ರೆ ಬೆಂಗಳೂರಲ್ಲಿ ಅದನ್ನ ತಿಂದು ಖುಷಿಪಟ್ಟ ಹುಡುಗನಿಗೆ "ನೀನು ದೋಸೆ ತಿಂದೇ ಇಲ್ಲ" ಅಂತ ನಗೋದಿದೆಯಲ್ಲ, ಅದು ರುಚಿಯ ಮಾತಲ್ಲ.

ಹಾಗಾದ್ರೆ ನೋವು ಯಾಕೆ?

ನಾವು ಜಗಳ ಆಡಿ ಆಡಿ ಕೊನೆಗೆ ಮೂರು ಕಾರಣ ಬರೆದ್ವಿ.

ಒಂದು, ಶ್ರಮ. ಪೋಸ್ಟಲ್ಲಿ ಕ್ಯಾಸೆಟ್ ತರಿಸಿಕೊಂಡವರ ಮಾತು ಮೇಲೆ ಹೇಳಿದ್ವಲ್ಲ. ಅವರು ಕಷ್ಟಪಟ್ಟು ಹುಡುಕಿದ್ದು ನಾಳೆ ಎಲ್ಲರ ಟಿವಿಯಲ್ಲಿ ಬಂದ್ರೆ, ತಮ್ಮ ಶ್ರಮಕ್ಕೆ ಬೆಲೆ ಇಲ್ಲ ಅನ್ನಿಸುತ್ತೆ. ಇದು ನ್ಯಾಯವಾದ ನೋವು.

ಎರಡು, ಗುರುತು. ಇಡೀ ಕ್ಲಾಸ್ ಸಿನಿಮಾ ಹಾಡು ಕೇಳುವಾಗ ನಾವು ಮಾತ್ರ ಇದನ್ನ ಕೇಳ್ತೀವಿ ಅನ್ನೋದೇ ನಮ್ಮ ಗುರುತಾಗಿರುತ್ತೆ. ಎಲ್ಲರೂ ಕೇಳೋಕೆ ಶುರು ಮಾಡಿದ್ರೆ ನಾವು ಯಾರು ಅನ್ನೋದೇ ಗೊಂದಲ. ಇದು ನಿಜವಾದ ನೋವು, ಆದ್ರೆ ಬ್ಯಾಂಡ್‌ನ ತಪ್ಪಲ್ಲ.

ಮೂರು, ಹಕ್ಕು. ನಾವು ಇವರನ್ನ ಬೆಳೆಸಿದ್ವಿ, ನಮ್ಮ ಮಾತು ಕೇಳಬೇಕು ಅನ್ನೋದು. ಇಲ್ಲಿಗೆ ಬಂದಾಗ ನಮ್ಮ ಡ್ರಮ್ಮರ್ ಒಂದು ಪ್ರಶ್ನೆ ಕೇಳಿದ. "ನಾವು ಯಾವ ಬ್ಯಾಂಡ್‌ಗಾದ್ರೂ ಒಂದು ರೂಪಾಯಿ ಕೊಟ್ಟಿದ್ದೀವಾ?" ರೂಮ್ ಸುಮ್ಮನಾಯ್ತು. ಹಾಡು ಕೇಳಿದ್ದೆಲ್ಲ ಪುಕ್ಕಟೆ. ಬ್ಯಾಂಡ್ ಹೆಸರಿನ ಟೀ ಶರ್ಟ್ ನಾಲ್ಕೂ ಜನರ ಹತ್ತಿರ ಇದೆ, ನಾಲ್ಕೂ ಡೂಪ್ಲಿಕೇಟ್. ರೆಕಾರ್ಡ್ ಕಂಪನಿ ಬ್ಯಾಂಡ್‌ಗೆ ಕೊಡೋ ಮುಂಗಡ ಸಾಲ ಇದ್ದ ಹಾಗೆ. ಸಾಮಾನ್ಯವಾಗಿ ಆಲ್ಬಮ್ ಮಾರಿ ಬಂದದ್ದರಲ್ಲಿ, ಬ್ಯಾಂಡ್‌ನ ಪಾಲಿನಿಂದ ಕಂಪನಿ ಅದನ್ನ ಹಿಡ್ಕೊಳ್ಳುತ್ತೆ. ಯಾರಾದ್ರೂ ಕೊಂಡ್ರೆ ತಾನೇ ಮುಂದಿನ ಆಲ್ಬಮ್. ಒಂದು ಪೈಸೆ ಕೊಡದ ನಾವು "ದುಡ್ಡಿಗೆ ಮಾರ್ಕೊಂಡ್ರು" ಅಂತ ಬೈಯ್ಯೋದು ತಮಾಷೆ ಅಲ್ವಾ?

ಕೊನೆಯದಾಗಿ

ಇನ್ನೊಂದು ಸತ್ಯ ಒಪ್ಕೊಂಡು ಮುಗಿಸ್ತೀವಿ. ನಾವು ನಾಲ್ಕು ಜನ ಮೆಟಲ್ ಒಳಗೆ ಬಂದಿದ್ದು ಯಾವ ಹಾಡಿಂದ ಅಂತ ಒಬ್ಬರನ್ನೊಬ್ಬರು ಕೇಳಿದ್ವಿ. ಒಬ್ಬ ‘ಎಂಟರ್ ಸ್ಯಾಂಡ್‌ಮ್ಯಾನ್’ ಅಂದ. ಒಬ್ಬ ಬೇರೆ ಬ್ಯಾಂಡ್ ಹೆಸರು ಹೇಳಿದ. ಉಳಿದ ಇಬ್ಬರು ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಅಂದ್ರು. ಅವತ್ತು ಮೊದಲು ನಕ್ಕವನೂ ಅದರಲ್ಲಿ ಒಬ್ಬ. ಆ ಹಾಡಿನ ಶುರು ನೋಡಿ, ಎಡಗೈ ಬೇಕಾಗೇ ಇಲ್ಲ. ಇ, ಜಿ, ಬಿ, ಇ ಅಂತ ನಾಲ್ಕು ತಂತಿಗಳನ್ನ ಹಾಗೇ ಮೀಟಿದ್ರೆ ಸಾಕು. ಗಿಟಾರ್ ಕೈಗೆ ಬಂದ ಮೊದಲ ದಿನವೇ ನುಡಿಸಬಹುದಾದ ಮೆಟಾಲಿಕಾ ಅದು. ಹಳೇ ಅಭಿಮಾನಿಗಳು ಯಾವುದಕ್ಕೆ ಬೈದು ಹೊರಗೆ ಹೋದ್ರೋ, ಅದೇ ಬಾಗಿಲಿಂದ ನಾವು ಒಳಗೆ ಬಂದ್ವಿ. ರೇಡಿಯೋದಲ್ಲಿ ಮೆಟಲ್ ಬರದ, ಒಂದು ಶೋ ಕೂಡ ಆಗದ ನಮ್ಮಂಥ ಊರಿಗೆ ಬ್ಲ್ಯಾಕ್ ಆಲ್ಬಮ್ ತಲುಪಿತು, ‘ಜಸ್ಟೀಸ್’ ಆಮೇಲೆ ಅದರ ಹಿಂದೆ ಬಂತು. ಒಳಗೆ ಬಂದ ಮೇಲೆ ನಾವು ಮಾಡಿದ ಮೊದಲ ಕೆಲಸ ಆ ಬಾಗಿಲು ಹಾಕಿದ್ದು.

ಹೊಸ ಆಲ್ಬಮ್ ಇಷ್ಟ ಆಗಲಿಲ್ಲ ಅಂದ್ರೆ ಧಾರಾಳವಾಗಿ ಹೇಳಿ. ನಿಧಾನ ಆಯ್ತು, ಸಪ್ಪೆ ಆಯ್ತು, ಧ್ವನಿ ಕತ್ತರಿಸಿದೆ ಅಂತ ಹೇಳಿ. ಅದು ಕೇಳುಗನ ಹಕ್ಕು. ಆದ್ರೆ ಆ ಸಿಟ್ಟನ್ನ ಬ್ಯಾಂಡ್ ಮೇಲೆ ಇಟ್ಕೊಳ್ಳಿ, ಪಕ್ಕದಲ್ಲಿ ಕೂತು ಅದನ್ನೇ ಇಷ್ಟಪಟ್ಟು ಕೇಳ್ತಿರೋ ಹುಡುಗನ ಮೇಲೆ ಅಲ್ಲ.

ಹರಿಹರದ ಆ ಜೂನಿಯರ್ ಇದನ್ನ ಓದ್ತಾ ಇದ್ರೆ: ತಮ್ಮಾ, ಅವತ್ತು ನಾವು ನಕ್ಕಿದ್ದು ತಪ್ಪು. ಮಂಗಳವಾರ, ಗುರುವಾರ ಐದರ ಮೇಲೆ ರೂಮ್ ತೆಗೆದಿರುತ್ತೆ. ಗಿಟಾರ್ ತಗೊಂಡು ಬಾ. ನಿನ್ನ ಹಾಡು ಪೂರ್ತಿ ಕೇಳಿ ಆಮೇಲೆ ನಮ್ಮದು ನುಡಿಸ್ತೀವಿ. ನಿಮ್ಮೂರ ದೇವರೇ ಅರ್ಧ ಹರಿ, ಅರ್ಧ ಹರ. ಅರ್ಧ ‘ಮಾಸ್ಟರ್ ಆಫ್ ಪಪೆಟ್ಸ್’, ಅರ್ಧ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ನುಡಿಸೋಕೆ ನಮಗೇನು ಕಷ್ಟ? ಕೊನೇ ಬಸ್ ತಪ್ಪಿದ್ರೆ ಬಸ್ ಸ್ಟ್ಯಾಂಡ್‌ವರೆಗೆ ಬಿಡೋದಲ್ಲ, ಹರಿಹರದವರೆಗೂ ಬೈಕಲ್ಲಿ ಬಿಟ್ಟು ಬರ್ತೀವಿ.